ಸಾಲದ ಅರ್ಜಿ ತಾನೇ ಓದುವ ಸಾಫ್ಟ್‌ವೇರ್‌ಗೆ ದುಡ್ಡು ಹಾಕಬಹುದಾ?

ಮಲ್ಲೇಶ್ವರದ ಕೌಂಟರ್: ನಮಸ್ಕಾರ. ಮಲ್ಲೇಶ್ವರದಲ್ಲಿ ನಮ್ಮದೊಂದು ಸಣ್ಣ ಪತ್ತಿನ ಸಹಕಾರ ಸಂಘ. ಸದಸ್ಯರು ಕೈಯಲ್ಲಿ ಬರೆದು ಕೊಟ್ಟ ಅರ್ಜಿ ನೋಡಿಕೊಂಡು ಎಕ್ಸೆಲ್‌ಗೆ ಹಾಕುತ್ತೇವೆ. ಹೆಸರು, ಪ್ಯಾನ್, ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡ್, ಇವುಗಳಲ್ಲೇ ಗಲಾಟೆ ಜಾಸ್ತಿ. ಕಳಿಸಿದ ಹಣ ವಾಪಸ್ ಬರುತ್ತದೆ. ವಯಸ್ಸಾದವರು ಮತ್ತೆ ಜೆರಾಕ್ಸ್ ಹಿಡಿದು ಯಶವಂತಪುರದಿಂದ ಬರಬೇಕು. ಸ್ಕ್ಯಾನ್ ಮಾಡಿದರೆ ತಾನೇ ಓದಿಕೊಳ್ಳುವ ಸಾಫ್ಟ್‌ವೇರ್ ತರಿಸೋಣ ಅಂತ ಕಾರ್ಯದರ್ಶಿಗಳು ಹೇಳುತ್ತಿದ್ದಾರೆ. ಬಳಸಿದವರು ಇದ್ದೀರಾ?

ರಾಜಾಜಿನಗರ ರಾಯ: ಪ್ರಿಂಟ್ ಆದ ಕಾಗದವನ್ನು ಚೆನ್ನಾಗಿ ಓದುತ್ತದೆ. ಕೈಬರಹದ ಕನ್ನಡ, ಅದೂ ಜೆರಾಕ್ಸಿನ ಜೆರಾಕ್ಸ್ ಆದರೆ ದೇವರೇ ಗತಿ.

ಹಳೇ ಕಡತ: ಮೇಡಂ, ಸದ್ಯಕ್ಕೆ ದುಡ್ಡು ಹಾಕಬೇಡಿ. ನಾನು ಸಾಲದ ಕಡತ ತಪಾಸಣೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಸದಸ್ಯರು ಕೌಂಟರ್ ಮುಂದೆ ನಿಂತಿರುವಾಗಲೇ ತಪ್ಪು ಸಿಗಬೇಕು. ಅದಕ್ಕೆ ನಿಮ್ಮ ಎಕ್ಸೆಲ್ ಸಾಕು.

ಪ್ಯಾನ್‌ನಲ್ಲಿ ಅಕ್ಷರ, ಅಂಕಿ ಸೇರಿ ಒಟ್ಟು 10. ಮೊದಲ 5 ಅಕ್ಷರ, ಆಮೇಲೆ 4 ಅಂಕಿ, ಕೊನೆಗೆ ಒಂದು ಅಕ್ಷರ. ವ್ಯಕ್ತಿಯ ಪ್ಯಾನ್ ಆದರೆ ನಾಲ್ಕನೆಯದು 'ಪಿ' ಇರಲೇಬೇಕು. ಐಎಫ್‌ಎಸ್‌ಸಿ 11, ಅದರಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಜನ ಅಲ್ಲಿ 'ಓ' ಅಕ್ಷರ ಬರೆದಿರುತ್ತಾರೆ, ನಾವೂ ಹಾಗೇ ಒತ್ತುತ್ತೇವೆ. ಈ ನಿಯಮಗಳನ್ನು ಎಕ್ಸೆಲ್‌ನ ಡೇಟಾ ವ್ಯಾಲಿಡೇಷನ್‌ನಲ್ಲಿ ಹಾಕಿಡಿ, ತಪ್ಪಾದರೆ ಸೆಲ್ ಒಪ್ಪುವುದೇ ಇಲ್ಲ.

ವಿಲೀನವಾದ ಬ್ಯಾಂಕುಗಳ ಹಳೇ ಪಾಸ್‌ಬುಕ್ ಇನ್ನೊಂದು ತಲೆನೋವು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾಕ್ಕೆ ಸೇರಿತು. 'ಎಸ್‌ವೈಎನ್‌ಬಿ' ಅಂತ ಶುರುವಾಗುವ ಕೋಡ್ 2021ರ ಜುಲೈನಿಂದ ನಡೆಯುವುದಿಲ್ಲ. ನಮ್ಮೂರಲ್ಲಿ ಆ ಪಾಸ್‌ಬುಕ್ ಇಲ್ಲದ ಮನೆ ಕಡಿಮೆ, ಅಲ್ವಾ? ಅಂಥದ್ದು ಬಂದರೆ ಸೆಲ್ ಕೆಂಪಾಗುವ ಹಾಗೆ ಮಾಡಿ.

ಖಾತೆ ಸಂಖ್ಯೆಯ ಕಾಲಂ ಅನ್ನು ಟೈಪ್ ಮಾಡುವ ಮುಂಚೆಯೇ 'ಟೆಕ್ಸ್ಟ್' ಮಾಡಿ. ಇಲ್ಲದಿದ್ದರೆ ಸಂಖ್ಯೆಯ ಶುರುವಿನಲ್ಲಿರುವ ಸೊನ್ನೆಯನ್ನು ಎಕ್ಸೆಲ್ ನುಂಗುತ್ತದೆ. 15 ಅಂಕಿಗಿಂತ ಉದ್ದ ಇದ್ದರೆ ಮಿಕ್ಕಿದ್ದನ್ನು ಸೊನ್ನೆ ಮಾಡಿಬಿಡುತ್ತದೆ. 16 ಅಂಕಿಯ ಖಾತೆಯಲ್ಲಿ ಕೊನೆಯ 7 ಹೋಗಿ 0 ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಲ್ಲೇಶ್ವರದ ಕೌಂಟರ್: ಬಹಳ ಉಪಕಾರ ಸರ್. ಹೆಸರಿಗೆ ಏನು ಮಾಡುವುದು? ಆಧಾರ್‌ನಲ್ಲಿ 'ಲಕ್ಷ್ಮಮ್ಮ ಹೆಚ್ ಆರ್', ಪ್ಯಾನ್‌ನಲ್ಲಿ 'ಲಕ್ಷ್ಮಮ್ಮ ಹೊಸಹಳ್ಳಿ ರಾಮಯ್ಯ'. ಇಂಥವೇ ರಾಶಿ.

ಹಳೇ ಕಡತ: ಇನಿಷಿಯಲ್ ನಮ್ಮ ಕಡೆಯವರ ಹಣೆಬರಹ. ಇಲ್ಲಿ ಮಾತ್ರ ಯಂತ್ರಕ್ಕೆ ತಿದ್ದಲು ಬಿಡಬೇಡಿ. ಎರಡು ಹೆಸರು ಹೊಂದುತ್ತಿಲ್ಲ ಅಂತ ಅದು ತೋರಿಸಲಿ, ಒಬ್ಬರೇ ಅಂತ ನಿರ್ಧರಿಸುವುದು ನೀವು. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರಕ್ಕೂ ಬೇರೆ ಬೇರೆ ಕಾಲಂ ಇರಲಿ, ಇದ್ದದ್ದನ್ನು ಇದ್ದ ಹಾಗೇ ಹಾಕಿ. ಫೋನಿನಲ್ಲಿ ಸರ್ಕಾರದ ಡಿಜಿಲಾಕರ್ ಆ್ಯಪ್ ಇರುವವರಾದರೆ ಅಲ್ಲಿಂದಲೇ ನೋಡಿ, ಮಸುಕು ಜೆರಾಕ್ಸ್ ಓದುವ ಕಷ್ಟ ತಪ್ಪುತ್ತದೆ. ಆರ್‌ಟಿಜಿಎಸ್, ನೆಫ್ಟ್ ಮೂಲಕ ಬೇರೆ ಬ್ಯಾಂಕಿನ ಖಾತೆಗೆ ಹಣ ಕಳಿಸುವ ಮುಂಚೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ ಒಳಗೆ ಕೊಡಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ನೆಟ್ ಬ್ಯಾಂಕಿಂಗ್‌ನಲ್ಲಿ ಹುಡುಕಿ ನೋಡಿ, ಅದಕ್ಕೆ ಶುಲ್ಕ ಇಲ್ಲ.

ರಾಜಾಜಿನಗರ ರಾಯ: ಆ ಎಕ್ಸೆಲ್ ಸಿದ್ಧವಾದ ಮೇಲೆ ಖಾಲಿ ನಮೂನೆ ಇಲ್ಲಿ ಹಾಕಿ ಮೇಡಂ. ನಮ್ಮ ಸೊಸೈಟಿಗೂ ಬೇಕು.