ಗಾಡಿಗೆ ಎರಡನೇ ಬ್ಯಾಟರಿ: ರಿಲೇ ಸಾಕಾ, ಡಿಸಿ-ಡಿಸಿ ಚಾರ್ಜರ್ ಬೇಕಾ?

ಕೇಳಿದ್ದು: ವ್ಯಾನಿನಲ್ಲಿ ರಾತ್ರಿಯಿಡೀ ಫ್ರಿಜ್ ಮತ್ತು ಲೈಟು ನಡೆಯಬೇಕು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟೂ ಆಗಬೇಕು. ಹಿಂದೆ ಇನ್ನೊಂದು ಬ್ಯಾಟರಿ ಇಟ್ಟು, ಗಾಡಿ ಓಡುವಾಗ ಚಾರ್ಜ್ ಆಗುವ ಹಾಗೆ ನಾನೇ ವೈರಿಂಗ್ ಮಾಡೋಣ ಅಂತಿದ್ದೇನೆ. ಏನೇನು ಬೇಕು? ವೈರ್ ಎಷ್ಟು ದಪ್ಪ ಇರಬೇಕು? ಮಾಡಿದವರು ಹೇಳಿ.

ಮೊದಲ ಉತ್ತರ:

ನೀವೇ ಮಾಡಬಹುದು. ನಾನೂ ನನ್ನ ಗಾಡಿಗೆ ಮಾಡಿಕೊಂಡಿದ್ದೇನೆ. ಸಾಮಾನ್ಯವಾಗಿ ಎಲ್ಲರೂ ಯಾವ ಬ್ಯಾಟರಿ ತರಲಿ ಅನ್ನುವಲ್ಲಿಂದ ಶುರು ಮಾಡುತ್ತಾರೆ. ಮೊದಲು ಆಲ್ಟರ್ನೇಟರ್ ನೋಡಿ, ಅಂದರೆ ಎಂಜಿನ್ ಓಡುವಾಗ ಕರೆಂಟ್ ಮಾಡಿ ಬ್ಯಾಟರಿ ತುಂಬಿಸುವ ಯಂತ್ರ. ರಿಲೇನಾ (ಎರಡೂ ಬ್ಯಾಟರಿಗಳನ್ನು ತಾನೇ ಸೇರಿಸಿ ಬಿಡಿಸುವ ಸ್ವಿಚ್) ಡಿಸಿ-ಡಿಸಿ ಚಾರ್ಜರಾ (ಮುಂದಿನ ಬ್ಯಾಟರಿಯ ಕರೆಂಟಿನಿಂದ ಹಿಂದಿನದನ್ನು ತುಂಬಿಸುವ ಚಾರ್ಜರ್) ಅನ್ನುವುದನ್ನು ಅದೇ ಹೇಳುತ್ತದೆ.

ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ವೋಲ್ಟ್‌ಮೀಟರ್ ಒಂದಿದ್ದರೆ ಸಾಕು. ಅರ್ಧ ಗಂಟೆ ಗಾಡಿ ಓಡಿಸಿ, ಪಕ್ಕದಲ್ಲಿ ಕೂತವರು ನೋಡುತ್ತಿರಲಿ. 14 ವೋಲ್ಟ್ ಆಸುಪಾಸಿನಲ್ಲೇ ನಿಂತರೆ ಹಳೇ ಮಾದರಿಯ ಆಲ್ಟರ್ನೇಟರ್. ಒಮ್ಮೆ 12.5ಕ್ಕೆ ಇಳಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ 15ರ ಹತ್ತಿರ ಹಾರಿದರೆ ಅದು ಸ್ಮಾರ್ಟ್ ಆಲ್ಟರ್ನೇಟರ್. ಇಂಧನ ಉಳಿಸೋಕೆ ಅದು ಬೇಕಾದಾಗ ಮಾತ್ರ ಜೋರಾಗಿ ಚಾರ್ಜ್ ಮಾಡುತ್ತದೆ.

ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಸಾಮಾನ್ಯವಾಗಿ 13.3 ವೋಲ್ಟ್‌ಗೆ ಎರಡೂ ಬ್ಯಾಟರಿಗಳನ್ನು ಸೇರಿಸುತ್ತದೆ, 12.8ಕ್ಕೆ ಬೇರೆ ಮಾಡುತ್ತದೆ. ಹಳೇ ಮಾದರಿಯ ಗಾಡಿಯಲ್ಲಿ, ಎರಡೂ ಲೆಡ್ ಆಸಿಡ್ ಬ್ಯಾಟರಿಯಾಗಿದ್ದರೆ, ಇದು ಆರಾಮಾಗಿ ನಡೆಯುತ್ತದೆ. ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ. ಸ್ಮಾರ್ಟ್ ಆಲ್ಟರ್ನೇಟರ್ ಇದ್ದರೆ ಮಾತ್ರ ಈ ರಿಲೇಗೆ ತಲೆ ಕೆಡುತ್ತದೆ. ದಾರಿಯುದ್ದಕ್ಕೂ ಸೇರುತ್ತದೆ, ಬಿಡುತ್ತದೆ, ಹಿಂದಿನ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಅಲ್ಲಿ ಡಿಸಿ-ಡಿಸಿ ಚಾರ್ಜರೇ ಬೇಕು. ಬರುವ ವೋಲ್ಟೇಜ್ ಕಡಿಮೆ ಇದ್ದರೂ ಅದನ್ನು ಏರಿಸಿ ಬ್ಯಾಟರಿಗೆ ಬೇಕಾದಷ್ಟೇ ಕೊಡುತ್ತದೆ. ಸ್ಮಾರ್ಟ್ ಆಲ್ಟರ್ನೇಟರ್ ಇರುವಲ್ಲಿ ಹೆಚ್ಚಿನ ಚಾರ್ಜರ್‌ಗಳಿಗೆ ಇಗ್ನಿಷನ್‌ನಿಂದ ಒಂದು ಸಣ್ಣ ಸಿಗ್ನಲ್ ವೈರ್ ಎಳೆಯಬೇಕಾಗುತ್ತದೆ. ಇಲ್ಲದಿದ್ದರೆ ಎಂಜಿನ್ ಓಡುತ್ತಿದೆಯೋ ನಿಂತಿದೆಯೋ ಅಂತ ಅಂಥ ಚಾರ್ಜರ್‌ಗೆ ಸರಿಯಾಗಿ ಗೊತ್ತಾಗುವುದಿಲ್ಲ.

ಲಿಥಿಯಂ ತರುವುದಾದರೆ ಆಲ್ಟರ್ನೇಟರ್ ಯಾವುದೇ ಇರಲಿ, ಚಾರ್ಜರ್ ಹಾಕಿ. ಖಾಲಿಯಾದ ಲಿಥಿಯಂ ಬ್ಯಾಟರಿ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ. ಆಲ್ಟರ್ನೇಟರ್‌ಗೆ ಅದನ್ನು ತಡೆಯುವ ದಾರಿ ಇಲ್ಲ, ಕಾದು ಸುಟ್ಟೇ ಹೋಗಬಹುದು. ಲಿಥಿಯಂ ಅನ್ನು ಬಾನೆಟ್ ಒಳಗೆ ಇಡಬೇಡಿ, ಆ ಶಾಖ ಅದಕ್ಕೆ ಆಗಿ ಬರುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೂ ಹಾಳಾಗುತ್ತದೆ. ಇನ್ನು, ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ನೀವು ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ. ಎಜಿಎಂ ತನ್ನಿ, ಅದು ನೀರು ಹಾಕಬೇಕಿಲ್ಲದ, ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ.

ಚಾರ್ಜರ್ ಸೈಜ್ ಬಗ್ಗೆ ಜಾಸ್ತಿ ಯೋಚಿಸಬೇಡಿ. 100 ಆಂಪ್ ಅವರ್ ಬ್ಯಾಟರಿಗೆ 25 ಆಂಪ್‌ನದು ಸಾಕು. ಅರ್ಧ ಖಾಲಿಯಾದ ಬ್ಯಾಟರಿಗೆ ಲೆಕ್ಕದಲ್ಲಿ ಎರಡು ಗಂಟೆ ಬರುತ್ತದೆ, ಆದರೆ ಲೆಡ್ ಆಸಿಡ್ ಕೊನೆಯ ಭಾಗವನ್ನು ತುಂಬಾ ನಿಧಾನವಾಗಿ ಕುಡಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಓಡಿಸುವವರಿಗೆ ಯಾವ ಚಾರ್ಜರ್ ಹಾಕಿದರೂ ಅಷ್ಟಕ್ಕಷ್ಟೇ. ಅಂಥವರು ಸೋಲಾರ್ ಪ್ಯಾನೆಲ್ ಕೂಡ ಸೇರಿಸಿಕೊಳ್ಳಲಿ.

ಇನ್ನೊಬ್ಬರು:

ಮೇಲಿನ ಮಾತೆಲ್ಲ ಸರಿ. ವೈರ್ ಬಗ್ಗೆ ಅವರು ಹೇಳಲೇ ಇಲ್ಲ, ಜನ ಎಡವುವುದು ಅಲ್ಲೇ. ಹಿಂದಿನ ಬ್ಯಾಟರಿ 5 ಮೀಟರ್ ದೂರ ಇದೆ ಅಂದುಕೊಳ್ಳಿ. ಹೋಗಿ ಬರುವುದು ಸೇರಿ 10 ಮೀಟರ್. 6 ಸ್ಕ್ವೇರ್ ಎಂಎಂ ವೈರ್‌ನಲ್ಲಿ 30 ಆಂಪ್ ಹರಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಮಾಯ. 14 ಹೊರಟದ್ದು 13.1 ಆಗಿ ತಲುಪಿದರೆ ರಿಲೇ ಇದ್ದೂ ಏನು ಪ್ರಯೋಜನ? 16 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.35ರ ಹತ್ತಿರ ನಿಲ್ಲುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರವೇ ಅಂತ ಖಾತ್ರಿ ಮಾಡಿಕೊಳ್ಳಿ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ವೈರ್‌ಗಳೂ ಬರುತ್ತವೆ.

ಫ್ಯೂಸ್ ಎರಡು ಬೇಕು. ಪಾಸಿಟಿವ್ ವೈರ್‌ನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ, ಅಲ್ವಾ? ನಡುವೆ ಎಲ್ಲಾದರೂ ವೈರ್ ಸವೆದು ಬಾಡಿಗೆ ತಾಗಿದರೆ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ. ಆದ್ದರಿಂದ ಪ್ರತಿ ಬ್ಯಾಟರಿಯ ಟರ್ಮಿನಲ್ ಹತ್ತಿರವೇ ಒಂದೊಂದು, ಒಂದು ಗೇಣಿನೊಳಗೆ. ಫ್ಯೂಸ್ ಇರುವುದು ವೈರ್ ಕಾಪಾಡಲು. ಅದಕ್ಕೇ ವೈರ್ ತಾಳುವ ಆಂಪ್‌ಗಿಂತ ದೊಡ್ಡ ಫ್ಯೂಸ್ ಹಾಕಲೇಬಾರದು. ಡಿಸಿ-ಡಿಸಿ ಚಾರ್ಜರ್ ಕೊಡುವುದಕ್ಕಿಂತ ಎಳೆಯುವುದು ಜಾಸ್ತಿ ಅನ್ನುವುದೂ ನೆನಪಿರಲಿ. 30 ಆಂಪ್‌ನದಕ್ಕೆ 30ರ ಫ್ಯೂಸ್ ಹಾಕಿದರೆ ಹಾರುತ್ತಲೇ ಇರುತ್ತದೆ.

ವೈರ್ ತುದಿಗೆ ಕೂರಿಸುವ ಲೋಹದ ಲಗ್‌ಗಳನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿಸಿ. ಇಕ್ಕಳದಲ್ಲಿ ಅಮುಕಿದ್ದು ಇವತ್ತು ಗಟ್ಟಿ ಕಂಡರೂ ಗಾಡಿಯ ಕುಲುಕಾಟಕ್ಕೆ ಸಡಿಲವಾಗುತ್ತದೆ. ತಗಡಿನ ತೂತಿನಲ್ಲಿ ವೈರ್ ತೂರಿಸುವಲ್ಲೆಲ್ಲ ರಬ್ಬರ್ ಗ್ರಾಮೆಟ್ (ತೂತಿನ ಅಂಚು ವೈರ್ ಕೊಯ್ಯದಂತೆ ಕಾಯುವ ಬಳೆ) ಹಾಕಿ. ಇದಕ್ಕೆ ಸೋಮಾರಿತನ ಬೇಡ.

ಹೊಸ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಬ್ಯಾಟರಿಗೆ ಹೋಗಿ ಬರುವ ಕರೆಂಟ್ ಅಳೆಯುವ ಒಂದು ಸಣ್ಣ ಸೆನ್ಸರ್ ಕೂತಿರುತ್ತದೆ. ನಿಮ್ಮ ನೆಗೆಟಿವ್ ವೈರನ್ನು ನೇರ ಟರ್ಮಿನಲ್‌ಗೆ ಕೊಟ್ಟರೆ ಗಾಡಿಯ ಕಂಪ್ಯೂಟರಿನ ಲೆಕ್ಕ ತಪ್ಪುತ್ತದೆ. ಬಾಡಿ ಅರ್ಥ್ ಪಾಯಿಂಟ್‌ಗೆ ಕೊಡಿ, ಪೇಂಟ್ ಕೆರೆದು.

ಕೆಲಸ ಶುರು ಮಾಡುವಾಗ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಎಲ್ಲ ಮುಗಿದ ಮೇಲೆ ಹಿಂದಿನ ಬ್ಯಾಟರಿ ಸ್ವಲ್ಪ ಖಾಲಿ ಇರುವಾಗಲೇ ಎಂಜಿನ್ ಓಡಿಸಿ ನೋಡಿ. ತುಂಬಿದ ಬ್ಯಾಟರಿ ಕರೆಂಟ್ ಎಳೆಯುವುದಿಲ್ಲ, ಏನೂ ಗೊತ್ತಾಗುವುದಿಲ್ಲ. ಮೀಟರಿನ ಒಂದು ಕಡ್ಡಿ ಮುಂದಿನ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಹಿಂದಿನದರ ಪಾಸಿಟಿವ್‌ಗೆ. ಚಾರ್ಜರ್ ಇದ್ದರೆ ಅದರ ಇನ್‌ಪುಟ್‌ಗೆ. ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಒಂದೊಂದೇ ಲಗ್ ಮತ್ತು ಫ್ಯೂಸ್ ಹೋಲ್ಡರ್ ನೋಡುತ್ತಾ ಬನ್ನಿ. ತಪ್ಪಿರುವ ಜಾಯಿಂಟ್ ಉಳಿದವಕ್ಕಿಂತ ಬಿಸಿಯಾಗಿರುತ್ತದೆ.