ಗ್ರೀಕ್ ನಾಟಕಕ್ಕೆ ಮೂರೇ ನಟರು ಸಾಲುತ್ತಿದ್ದದ್ದು ಹೇಗೆ?

ಹೊಸಓದುಗ:
ಸೊಫೊಕ್ಲಿಸ್ ಬರೆದ ಈಡಿಪಸ್ ದೊರೆಯ ನಾಟಕ ಓದುತ್ತಿದ್ದೇನೆ. ಈಡಿಪಸ್, ಕ್ರಿಯಾನ್, ಯೊಕಾಸ್ಟಾ, ಕುರುಡು ಕಣಿಗಾರ, ಪೂಜಾರಿ, ಕುರುಬ, ಇಬ್ಬರು ದೂತರು. ಮಾತಾಡುವವರೇ ಎಂಟು ಜನ! ಒಟ್ಟಾಗಿ ಹಾಡುವ ಮೇಳ ಬೇರೆ. ಆದರೆ ಮುನ್ನುಡಿಯಲ್ಲಿ ನಟರು ಮೂರೇ ಜನ ಅಂತ ಇದೆ. ಜನಕ್ಕೆ ಗೊತ್ತಾಗುತ್ತಿರಲಿಲ್ಲವಾ? ಇದು ಬರೆಯುವವನ ಕೈ ಕಟ್ಟಿ ಹಾಕಿದ ಹಾಗೆ ಅಲ್ವಾ?

ಬಣ್ಣದಪೆಟ್ಟಿಗೆ:
ನಾನು ಹವ್ಯಾಸಿ ತಂಡವೊಂದರಲ್ಲಿ ಪರದೆಯ ಹಿಂದೆ ವೇಷ ನೋಡಿಕೊಳ್ಳುವವಳು. ಹಾಗಾಗಿ ಈ ಪ್ರಶ್ನೆ ನನಗೆ ತುಂಬಾ ಇಷ್ಟ.

ಅವರ ಮುಖವಾಡ ಕೂದಲು ಸಮೇತ ಇಡೀ ತಲೆಯನ್ನೇ ಮುಚ್ಚುತ್ತಿತ್ತು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಮುಖವಾಡ ಬದಲಿಸಿ, ಮೇಲುಡುಗೆ ಬದಲಿಸಿದರೆ ಬೇರೆ ಮನುಷ್ಯ. ದನಿ ಮಾತ್ರ ಬಚ್ಚಿಡೋಕಾಗಲ್ಲ.

ಎರಡನೇ ನಟನನ್ನು ತಂದದ್ದು ಸೊಫೊಕ್ಲಿಸ್‌ಗಿಂತ ಹಿರಿಯ ನಾಟಕಕಾರ ಎಸ್ಕಿಲಸ್, ಮೂರನೆಯವನನ್ನು ಸೊಫೊಕ್ಲಿಸ್ ಅಂತ ಅರಿಸ್ಟಾಟಲ್ ಹೇಳುತ್ತಾನೆ. ಕೈ ಕಟ್ಟಿತಾ ಅಂದರೆ, ಎಸ್ಕಿಲಸ್ ಕಟ್ಟಿದ ಕೈಯಲ್ಲೇ ಆಟ ಆಡಿದ. ಕ್ರಿ.ಪೂ. 458ರ 'ಅಗಮೆಮ್ನಾನ್' ನೋಡಿ. ರಾಜ ರಥದಲ್ಲಿ ಬರುತ್ತಾನೆ, ಜೊತೆಗೆ ಸೆರೆಯಾಳು ಕಸಾಂಡ್ರಾ. ರಾಣಿ ಎಷ್ಟು ಕರೆದರೂ ಆಕೆ ತುಟಿ ಬಿಚ್ಚುವುದಿಲ್ಲ. ಇವಳಿಗೆ ದುಭಾಷಿ ಬೇಕೇನೋ ಅಂತ ಮೇಳದ ಮುದುಕರೇ ಹೇಳುತ್ತಾರೆ. ಮೂವರ ಲೆಕ್ಕಕ್ಕೆ ಸೇರದೆ ಸುಮ್ನೆ ನಿಲ್ಲಿಸಿದ ಮೂಕ ಪಾತ್ರ ಅಂತ ನೋಡುವವರೂ ಅಂದುಕೊಂಡಿರಬೇಕು. ರಾಣಿ ಸಿಟ್ಟಾಗಿ ಒಳಗೆ ಹೋದ ಮೇಲೆ ಕಸಾಂಡ್ರಾ ಅಪೊಲೋ ದೇವರ ಹೆಸರು ಹಿಡಿದು ಚೀರುತ್ತಾಳೆ!

ಅದೇ ಸರಣಿಯ ಎರಡನೇ ನಾಟಕ ಇನ್ನೂ ಜಾಸ್ತಿ. ರಾಜನನ್ನು ಕೊಂದ ರಾಣಿಯ ಮೇಲೆ, ಅಂದರೆ ತನ್ನ ತಾಯಿಯ ಮೇಲೆಯೇ, ಸೇಡು ತೀರಿಸಲು ಮಗ ಒರೆಸ್ಟಿಸ್ ಅಪೊಲೋನ ಅಪ್ಪಣೆಯಂತೆ ಬರುತ್ತಾನೆ. ಒರೆಸ್ಟಿಸ್‌ನ ಗೆಳೆಯ ಪಿಲಾಡಿಸ್ ಮೊದಲಿಂದಲೂ ಬಾಯಿ ಬಿಡದೆ ಬೆನ್ನಿಗೆ ನಿಂತಿರುತ್ತಾನೆ. ತಾಯಿ ಎದೆ ತೋರಿಸಿ ಬೇಡಿಕೊಂಡಾಗ ಒರೆಸ್ಟಿಸ್ ಕತ್ತಿ ಹಿಡಿದು ತಡವರಿಸುತ್ತಾನೆ. 'ಪಿಲಾಡಿಸ್, ಏನು ಮಾಡಲಿ?' ಅಂತ ಕೇಳುತ್ತಾನೆ. ಪಿಲಾಡಿಸ್ ಮಾತಾಡುತ್ತಾನೆ. ಮೂರೇ ಸಾಲು. ದೇವರ ಮಾತು ಮೀರಬೇಡ, ಜನರೆಲ್ಲ ವೈರಿಗಳಾದರೂ ಪರವಾಗಿಲ್ಲ ಅನ್ನೋ ಅರ್ಥದ್ದು. ಮುಗಿಯಿತು, ಮತ್ತೆ ಅವನು ಮಾತಾಡುವುದಿಲ್ಲ.

ಸ್ವಲ್ಪ ಮುಂಚೆ ಒಬ್ಬ ಸೇವಕ ಕೂಗಾಡಿಕೊಂಡು ಬಂದಿರುತ್ತಾನೆ. ಅಲ್ಲಿವರೆಗಿನ ಮೂಕ ಪಿಲಾಡಿಸ್‌ನ ಬದಲು ಆ ನಟನೇ ವೇಷ ಬದಲಿಸಿ ಮಾತಾಡುವ ಪಿಲಾಡಿಸ್ ಆಗಿ ಬಂದ ಅಂತ ಹಳೇ ಟಿಪ್ಪಣಿಕಾರನೊಬ್ಬ ಬರೆದಿದ್ದಾನೆ. ಅದಕ್ಕೆ ಸಿಗುವುದು ಕೆಲವೇ ಸಾಲಿನ ಹೊತ್ತು. ಬಣ್ಣ ಅಳಿಸಿ ಬಣ್ಣ ಹಚ್ಚುವವರಿಗೆ ಆಗದ ಮಾತು. ಮುಖವಾಡ ಇದ್ದರೆ ಆಗುತ್ತೆ.

ಮೂಲೆಬೆಂಚು:
ಎಲ್ಲ ಕಡೆ ಇಷ್ಟು ಸಲೀಸಲ್ಲ ಬಿಡಿ. ಸೊಫೊಕ್ಲಿಸ್‌ನ ಕೊನೆಯ ನಾಟಕ, ಮುದುಕ ಈಡಿಪಸ್ ಕೊಲೋನಸ್‌ನಲ್ಲಿ ಸಾಯುವುದು. ಅದನ್ನು ಮೂರೇ ಜನ ಆಡಬೇಕಾದರೆ ಅಥೆನ್ಸ್‌ನ ರಾಜ ಥೀಸಿಯಸ್‌ನ ಪಾತ್ರವನ್ನು ಬೇರೆ ಬೇರೆ ದೃಶ್ಯದಲ್ಲಿ ಬೇರೆ ಬೇರೆ ನಟರಿಗೆ ಹಂಚಬೇಕಾಗುತ್ತೆ. ಒಂದೇ ರಾಜ, ದನಿ ಮಾತ್ರ ಬೇರೆ!

ಬಣ್ಣದಪೆಟ್ಟಿಗೆ:
ಒಪ್ಪಿದೆ. ಅದು ಜಾಣತನ ಅಲ್ಲ, ಪರದಾಟ.

ಹೊಸಓದುಗ:
ಥ್ಯಾಂಕ್ಸ್. ಬಹುಮಾನ ಮೂವರಿಗೂ ಕೊಡುತ್ತಿದ್ದರಾ?

ಮೂಲೆಬೆಂಚು:
ಇಲ್ಲ. ಅಥೆನ್ಸ್‌ನಲ್ಲಿ ನಾಟಕಗಳ ಸ್ಪರ್ಧೆ ನಡೆಯುತ್ತಿದ್ದ ಡಯೊನೈಸಸ್ ದೇವರ ಹಬ್ಬದಲ್ಲಿ ದುರಂತ ನಾಟಕದ ನಟರಿಗೆ ಸ್ಪರ್ಧೆ ಶುರುವಾದದ್ದು ಕ್ರಿ.ಪೂ. 449ರ ಸುಮಾರಿಗೆ. ಅದೂ ಮುಖ್ಯ ನಟನಿಗೆ ಮಾತ್ರ. ಸೇವಕನಾಗಿ ಓಡಿ ಪಿಲಾಡಿಸ್ ಆಗಿ ಬಂದವನಿಗೆ ಏನೂ ಇಲ್ಲ.