ಸಹಾಯ ಬೇಕು: ಹದಿಹರೆಯದವರೇ ಮತ ಹಾಕುವ ಪುಸ್ತಕ ಪ್ರಶಸ್ತಿಗೆ ಪಟ್ಟಿ ಮಾಡುವುದು ಹೇಗೆ?

ಗುಂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಪ್ರದೇಶದ ಕೆಲವು ಗ್ರಂಥಾಲಯಗಳು ಸೇರಿ, 13ರಿಂದ 18 ವರ್ಷದವರೇ ಓದಿ, ಮತ ಹಾಕಿ, ವರ್ಷದ ಪುಸ್ತಕವನ್ನು ಆರಿಸುವ ಪ್ರಶಸ್ತಿಯೊಂದನ್ನು ಕಳೆದ ವರ್ಷ ಆರಂಭಿಸಿದೆವು. ಕೆನಡಾದ ಒಂಟಾರಿಯೊ ಪ್ರಾಂತ್ಯದ ‘ವೈಟ್ ಪೈನ್’ ಪ್ರಶಸ್ತಿಯಲ್ಲಿ, ಪಟ್ಟಿಯ 10 ಪುಸ್ತಕಗಳ ಪೈಕಿ ಕನಿಷ್ಠ 5 ಓದಿದವರಿಗಷ್ಟೇ ಮತದ ಹಕ್ಕಿರುವ ಕ್ರಮ ಹಿಡಿಸಿದ್ದರಿಂದ ನಾವೂ ಅದನ್ನೇ ಅನುಸರಿಸಿದೆವು.

ಆದರೆ ಮತಚೀಟಿಗಳು ಬಂದದ್ದು ಬೆರಳೆಣಿಕೆಯಷ್ಟು. ಹಿಂತಿರುಗಿ ಬಂದ ದಪ್ಪ ಕಾದಂಬರಿಯೊಂದರ 38ನೇ ಪುಟದಲ್ಲಿ ಬಸ್ ಟಿಕೆಟೊಂದು ಗುರುತಾಗಿ ಉಳಿದಿತ್ತು. ಅದನ್ನು ನಾನಿನ್ನೂ ತೆಗೆದಿಲ್ಲ. ಪಟ್ಟಿ ಮಾಡಿದ ನಾವೆಲ್ಲರೂ ನಲವತ್ತು ದಾಟಿದವರು ಎಂಬುದೇ ಮೂಲ ತೊಂದರೆಯೆಂದು ನನ್ನ ಅನುಮಾನ. ಮಕ್ಕಳು ಓದಬೇಕಾದದ್ದನ್ನು ಆರಿಸಿದೆವೇ ಹೊರತು ಓದಬಯಸುವುದನ್ನಲ್ಲ.

ಆದ್ದರಿಂದ, ಆಯ್ಕೆ ಸಮಿತಿಯಲ್ಲಿ ಹದಿಹರೆಯದವರನ್ನೇ ಕೂರಿಸಿಕೊಂಡು ಕೆಲಸ ಮಾಡಿದ ಅನುಭವ ಯಾರಿಗಾದರೂ ಇದ್ದರೆ, ಅವರ ಮಾತಿಗೆ ಎಷ್ಟು ತೂಕ ಕೊಟ್ಟಿರಿ, ಚಿತ್ರಕಾದಂಬರಿ ಮತ್ತು ಕಥಾಸಂಕಲನಗಳನ್ನು ಕಾದಂಬರಿಯ ಸಾಲಿನಲ್ಲೇ ಇಟ್ಟಿರಾ ಎಂಬುದನ್ನು ದಯವಿಟ್ಟು ತಿಳಿಸಿ. ನಿಜವಾಗಿ ಓದಿದ್ದಾರೆಯೇ ಎಂಬುದನ್ನು ಪರೀಕ್ಷೆಯೆನಿಸದಂತೆ ತಿಳಿಯುವ ದಾರಿಯಿದ್ದರೆ ಅದನ್ನೂ ಬರೆಯಿರಿ. ಹೊಸ ಪಟ್ಟಿಯನ್ನು ಮುಂದಿನ ತಿಂಗಳ ಕೊನೆಗೆ ಅಂತಿಮಗೊಳಿಸಬೇಕಿದೆ.